ಹಲಗಲಿಯ ಹೆಣ್ಣುಮಕ್ಕಳನ್ನು ಮಾತಾಡಿಸಿದವರು ಯಾರು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಗಂಡ ಸತ್ತವಳ ಮನೆಗೆ ಹೋಗುವುದಕ್ಕೆ 'ಮಾತಾಡಸಾಕ ಹೋಗೂದು' ಅಂತಾರೆ. ಹೋದವರು ಬಹಳ ಮಾತಾಡುವುದಿಲ್ಲ. ಪಡಸಾಲೆಯಲ್ಲಿ ಕೂತು, 'ಏನ್ ಮಾಡೂದ ಯವ್ವಾ, ಗಟ್ಟಿಯಾಗು, ಮಕ್ಕಳ ಮಾರಿ ನೋಡು' ಅಂದು, ಅವಳನ್ನು ಅಳಲಿಕ್ಕೆ ಬಿಡುತ್ತಾರೆ. ಆದರೆ ೧೮೫೭ರ ಡಿಸೆಂಬರಿನಲ್ಲಿ ಹಲಗಲಿಯ ಹೆಣ್ಣುಮಕ್ಕಳನ್ನು ಮಾತಾಡಿಸಲು ಬಂದವರು ಎಲ್ಲಿ ಕೂತಿದ್ದಾರು? ಊರೇ ಸುಟ್ಟಿತ್ತು.

ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಅಲ್ಲಿಯ ಬೇಡರಿಗೆ ಹತಾರ ಅಂದರೆ ಹೊಟ್ಟೆಯೂ ಹೌದು, ಮರ್ಯಾದೆಯೂ ಹೌದು. ಅದನ್ನು ತಂದೊಪ್ಪಿಸಿರಿ ಅಂದಿತು ಕಂಪನಿ ಸರಕಾರ. ಪೂಜೇರಿ ಹನುಮ, ಬಾಲ, ಜಡಗ, ರಾಮ ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ನೂರರ ಸುಮಾರು ಜನ ಸತ್ತರು. ಆಮೇಲೆ ೧೯ ಮಂದಿಗೆ ಗಲ್ಲು: ಡಿಸೆಂಬರ್ ೧೧ಕ್ಕೆ ಮುಧೋಳದಲ್ಲಿ ೧೩, ೧೪ಕ್ಕೆ ಹಲಗಲಿಯಲ್ಲೇ ೬.

ಚರಿತ್ರೆ ನಮಗೆ ಕೊಡುವುದು ಈ ಗಂಡಸರ ಲೆಕ್ಕ. ಬಳೆ ಒಡೆದುಕೊಂಡ ಕೈಗಳ ಲೆಕ್ಕ ಎಲ್ಲಿದೆ? ಇದೇ ಸರಕಾರ ಒಂದು ವರ್ಷ ಹಿಂದೆ, ೧೮೫೬ರಲ್ಲಿ, ಹಿಂದೂ ವಿಧವೆಯರ ಮರುಮದುವೆಗೆ ಕಾಯಿದೆ ಮಾಡಿ ಕರುಣೆ ತೋರಿಸಿತ್ತು. ದುಡಿಯುವ ಎಷ್ಟೋ ಜಾತಿಗಳಲ್ಲಿ ಉಡಿಕಿ ಮೊದಲಿಂದಲೂ ಇತ್ತು. ಅವರಿಗೆ ಆ ಕಾಯಿದೆಯ ಹಂಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗಂಡಂದಿರು ಬದುಕಿರುವುದು.

ಹಾಗಾದರೆ ಈ ಹೆಣ್ಣುಮಕ್ಕಳನ್ನು ಯಾರೂ ಮಾತಾಡಿಸಲಿಲ್ಲವೇ? ಮಾತಾಡಿಸಿದೆ, ಲಾವಣಿ. ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ 'ಹಲಗಲಿಯ ಬೇಡರ' ಲಾವಣಿ ಕಾಳಗದ ಹಾಡು ಅಂತಲೇ ನಮಗೆ ಗೊತ್ತು. ಆದರೆ ಕಡೆಯಲ್ಲಿ ಲಾವಣಿಕಾರ ಮನೆಯೊಳಗೆ ಬರುತ್ತಾನೆ. ಹಾಳಾಗಿ ಹೋದದ್ದನ್ನು ಒಂದೊಂದೇ ಎಣಿಸುತ್ತಾನೆ: ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಅರಿಷಿಣ, ಬೀಸುಕಲ್ಲು. ಅವುಗಳ ನಡುವೆ ಮಂಗಳಸೂತ್ರ. ಬೀಸುಕಲ್ಲಿನ ಪಕ್ಕದಲ್ಲೇ ಅದನ್ನು ಇಟ್ಟವನಿಗೆ ಆ ಮನೆ ಗೊತ್ತಿತ್ತು. ಗಂಡ ಹೋದ ದಿನವೂ ಮಕ್ಕಳಿಗೆ ರೊಟ್ಟಿ ಬೇಕು, ಬೀಸಲು ಕಲ್ಲಿಲ್ಲ.

ಈ ಲಾವಣಿ ಹತ್ತನೆಯ ತರಗತಿಯ ಪಾಠವಾಗಿಯೂ ಬಂದಿದೆ. ಮಾಸ್ತರರೇ, ನಾಲ್ವರು ವೀರರ ಹೆಸರು ಬಾಯಿಪಾಠ ಮಾಡಿಸಿದ ಮೇಲೆ ಆ ಪಟ್ಟಿಯ ಹತ್ತಿರ ಒಂದು ಗಳಿಗೆ ನಿಲ್ಲಿರಿ. ಇದು ಯಾರ ಅಡಿಗೆಮನೆ ಅಂತ ಹುಡುಗರನ್ನು ಕೇಳಿರಿ.

ಗೆಳೆಯರೇ, ಇವತ್ತೂ ಸಾಲಕ್ಕೆ ನೇಕಾರ ಸಾಯುತ್ತಾನೆ, ರೈತ ಸಾಯುತ್ತಾನೆ. ಪುಢಾರಿಗಳು ಬರುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾವು ಹೋದಾಗ ಲಾವಣಿಕಾರನ ಹಾಗೆ ಹೋಗೋಣ. ಮಗ್ಗ ಯಾರ ಪಾಲಾಯಿತು, ಸಾಲ ಯಾರ ಹೆಸರಿನಲ್ಲಿದೆ, ಹೊಲದ ಉತಾರದಲ್ಲಿ ಅವಳ ಹೆಸರು ಏರಿದೆಯೋ ಇಲ್ಲವೋ, ಕೇಳೋಣ. ಏರದಿದ್ದರೆ ಅವಳ ಜೋಡಿ ಕಚೇರಿಯ ಮೆಟ್ಟಿಲು ಹತ್ತೋಣ. 'ಗಟ್ಟಿಯಾಗು ಯವ್ವಾ' ಅನ್ನುವ ಮಾತಿಗೆ ಆಗ ಒಂದು ಅರ್ಥ ಬರುತ್ತದೆ.