ಅಂಕೆ, ಅಕ್ಷರ, ನಲವತ್ತೈದು ಸೆಕೆಂಡು

ಟೀವಿ ಕ್ವಿಜ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಪ್ರಶ್ನೆ ಮತ್ತು ಉತ್ತರ. ಚಂದನದ ‘ಥಟ್ ಅಂತ ಹೇಳಿ’ಯನ್ನೇ ನೋಡಿ. ಗೊತ್ತಿದ್ದವರು ಹೇಳುತ್ತಾರೆ, ಪುಸ್ತಕ ಗೆಲ್ಲುತ್ತಾರೆ. ಆದರೆ ಫ್ರಾನ್ಸಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಒಂದು ಸ್ಪರ್ಧೆಯಲ್ಲಿ ‘ಗೊತ್ತಿರುವ’ ಉತ್ತರ ಎಂಬುದೇ ಇರಲಿಲ್ಲ. ಉತ್ತರವನ್ನು ಅಲ್ಲೇ ಕೂತು ಕಟ್ಟಬೇಕಿತ್ತು. ಅದರ ಹೆಸರು ‘ದೆ ಶಿಫ್ರ್ ಎ ದೆ ಲೆತ್ರ್’. ಅಂದರೆ ‘ಅಂಕೆಗಳು ಮತ್ತು ಅಕ್ಷರಗಳು’.

ಇದರ ಜನಕ ಅರ್ಮಾಂ ಜಾಮೋ ಎಂಬ ಟೀವಿ ನಿರ್ಮಾಪಕ. 1965ರ ಸೆಪ್ಟೆಂಬರಿನಲ್ಲಿ ಮೊದಲು ಬಂದಾಗ ಇದ್ದದ್ದು ಅಕ್ಷರದ ಆಟ ಮಾತ್ರ. ಹೆಸರೂ ಬೇರೆ, ‘ಅತಿ ಉದ್ದದ ಪದ’ ಎಂದು. ನಡೆಸಿಕೊಡುತ್ತಿದ್ದವರು ಕ್ರಿಸ್ತೀನ್ ಫಾಬ್ರೆಗಾ ಎಂಬ ನಟಿ. 1970ಕ್ಕೆ ಅದು ನಿಂತುಹೋಯಿತು. ಜಾಮೋ ಸುಮ್ಮನೆ ಕೂರಲಿಲ್ಲ. ಲೆಕ್ಕದ ಆಟವನ್ನೂ ಸೇರಿಸಿ 1972ರ ಜನವರಿ 4ರಂದು ಎರಡನೆಯ ವಾಹಿನಿಯಲ್ಲಿ ಹೊಸ ಹೆಸರಿನಿಂದ ತಂದರು. ಆಮೇಲೆ ಇದು ದಿನನಿತ್ಯದ ಕಾರ್ಯಕ್ರಮವಾಗಿ ಬೇರೂರಿತು.

ಆಟ ಬಲು ಸರಳ. ಎದುರುಬದುರು ಇಬ್ಬರು. ಅಕ್ಷರದ ಸರದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ‘ಸ್ವರ’ ಅಥವಾ ‘ವ್ಯಂಜನ’ ಎಂದು ಕೇಳುತ್ತಾ ಹೋಗುತ್ತಾರೆ. ಒಂದೊಂದೇ ಬಿಲ್ಲೆ ಬರುತ್ತದೆ. ಬಹುಕಾಲ ಒಂಬತ್ತು ಅಕ್ಷರಗಳಿದ್ದವು, ಕೊನೆಯ ವರ್ಷಗಳಲ್ಲಿ ಹತ್ತಾದವು. ಅವುಗಳಿಂದ ಆದಷ್ಟು ಉದ್ದದ ಪದ ಮಾಡಬೇಕು. ಅಂಕಿತನಾಮ ನಡೆಯದು. ಫ್ರೆಂಚಿನ ಇ ಅಕ್ಷರದ ತಲೆಯ ಮೇಲೆ ಬರುವ ಚಿಹ್ನೆಗಳಿಗೆ ಇಲ್ಲಿ ಮಾಫಿ, ಎಲ್ಲಕ್ಕೂ ಒಂದೇ ಬಿಲ್ಲೆ.

ಲೆಕ್ಕದ ಸರದಿ ನನಗೆ ಹೆಚ್ಚು ಇಷ್ಟ. ಒಟ್ಟು 24 ಬಿಲ್ಲೆಗಳು: 1ರಿಂದ 10ರವರೆಗೆ ಎರಡೆರಡು, ಜೊತೆಗೆ 25, 50, 75, 100 ಒಂದೊಂದು. ಇವುಗಳಲ್ಲಿ ಆರನ್ನು ಎತ್ತುತ್ತಾರೆ. ಮೂರಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಕೂಡು, ಕಳೆ, ಗುಣಿಸು, ಭಾಗಿಸು, ಏನಾದರೂ ಮಾಡಿ ಅಲ್ಲಿಗೆ ತಲುಪಬೇಕು. ಒಂದು ಬಿಲ್ಲೆ ಒಮ್ಮೆ ಮಾತ್ರ, ಭಿನ್ನರಾಶಿ ಸಲ್ಲದು. ಉದಾಹರಣೆಗೆ 100, 25, 8, 6, 3, 1 ಬಂದಿವೆ, ಬೇಕಾದದ್ದು 823 ಅಂದುಕೊಳ್ಳಿ. ಎಂಟು ನೂರಲಿ 800, ಇಪ್ಪತ್ತೈದು ಕೂಡಿದರೆ 825. ಎರಡು ಹೆಚ್ಚಾಯಿತು. ಮೂರರಲ್ಲಿ ಒಂದು ಕಳೆದರೆ ಆ ಎರಡು ಸಿಕ್ಕಿತು, ಅದನ್ನು ಕಳೆದರೆ ಮುಗಿಯಿತು. 6 ಹಾಗೇ ಉಳಿಯಿತು. ಬಹಳ ವರ್ಷ ಇದಕ್ಕೆ ಸಿಗುತ್ತಿದ್ದ ಸಮಯ 45 ಸೆಕೆಂಡು. ಸಂಖ್ಯೆ ಸರಿಯಾಗಿ ಸಿಕ್ಕಿದಾಗ ಸ್ಪರ್ಧಿಗಳು ಹೇಳುವ ಮಾತು ‘ಲ ಕೋಂಪ್ತ್ ಎ ಬೋಂ’, ಅಂದರೆ ‘ಲೆಕ್ಕ ಸರಿಬಂತು’. ಫ್ರೆಂಚರ ದಿನಬಳಕೆಯಲ್ಲಿ ಈ ಮಾತು ಕೇಳಿದರೆ ಈಗಲೂ ಈ ಆಟ ನೆನಪಾಗುತ್ತದೆ.

ಇಷ್ಟು ಸಪ್ಪೆ ಆಟ ಇಷ್ಟು ಕಾಲ ಹೇಗೆ ನಡೆಯಿತು? ನನ್ನ ಅನಿಸಿಕೆ ಹೇಳುತ್ತೇನೆ, ಮೇಷ್ಟರ ಅನಿಸಿಕೆ ಅಂತಲೇ ತಿಳಿಯಿರಿ. ಇದು ಫ್ರಾನ್ಸಿನ ಪ್ರಾಥಮಿಕ ಶಾಲೆಯೇ ಟೀವಿಗೆ ಬಂದದ್ದು. ಅಲ್ಲಿ ಪ್ರಾಥಮಿಕ ಶಿಕ್ಷಣದ ಕೊನೆಗೆ ಒಂದು ಪ್ರಮಾಣಪತ್ರ ಪರೀಕ್ಷೆ ಇತ್ತು. 19ನೇ ಶತಮಾನದಲ್ಲಿ ಶುರುವಾದದ್ದು 1989ರಲ್ಲಿ ರದ್ದಾಯಿತು. ಅದರ ಎದೆಗುಂಡಿಗೆ ಎರಡೇ: ಉಕ್ತಲೇಖನ ಮತ್ತು ಲೆಕ್ಕ. ಉಕ್ತಲೇಖನದಲ್ಲಿ ಐದು ತಪ್ಪಾದರೆ ಸೊನ್ನೆ! ಹಳ್ಳಿಯ ಎಷ್ಟೋ ಜನರ ಓದು ಅಲ್ಲಿಗೇ ಮುಗಿಯುತ್ತಿತ್ತು. ಅಂಥವರು ಸಂಜೆ ಟೀವಿ ಮುಂದೆ ಕಾಗದ, ಪೆನ್ಸಿಲ್ ಹಿಡಿದು ಕೂತರೆ ಪ್ಯಾರಿಸಿನ ಪ್ರೊಫೆಸರನಿಗೆ ಸರಿಸಮ. ಯಾವ ದೇಶದ ರಾಜಧಾನಿ ಯಾವುದು ಎಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಕ್ಷರ ಬಲ್ಲೆಯಾ, ಮಗ್ಗಿ ಬಲ್ಲೆಯಾ, ಬಾ ಕೂರು... ಅಷ್ಟೇ.

ಇಲ್ಲಿಯ ಚಾಂಪಿಯನ್ನರೂ ಅಂಥವರೇ. ಬೆರ್ತ್ರಾಂ ರೆನಾರ್ ಮೊದಲು ಸ್ಪರ್ಧಿಯಾಗಿ ಬಂದವರು. ಅವರ ಲೆಕ್ಕದ ಚುರುಕು ನೋಡಿ 1975ರಲ್ಲಿ ಕಾರ್ಯಕ್ರಮದವರು ಅವರನ್ನೇ ಅಂಕೆಗಳ ತೀರ್ಪುಗಾರರನ್ನಾಗಿ ಕೂರಿಸಿದರು. ಸ್ಪರ್ಧಿಗಳು ಸೋತಾಗ ದಾರಿ ತೋರಿಸುವ ಕೆಲಸ ಇವರದು. ಪದಗಳ ಕಡೆ ಪದಬಂಧ ರಚನೆಗೆ ಹೆಸರಾದ ಮ್ಯಾಕ್ಸ್ ಫಾವಲೆಲಿ ಇದ್ದರು. 1986ರಲ್ಲಿ ಆರಿಯೆಲ್ ಬೂಲ್ಯಾಂ-ಪ್ರಾ ಬಂದರು. ನಿರೂಪಕರಲ್ಲಿ ಪಾತ್ರೀಸ್ ಲಾಫೋಂ 1972ರಿಂದ 1989ರವರೆಗೆ, ಲೊರಾಂ ರೊಮೆಜ್ಕೊ 1992ರಿಂದ ಕೊನೆಯವರೆಗೆ. ಊರೂರಿನಲ್ಲಿ ಈ ಆಟದ ಕ್ಲಬ್ಬುಗಳೂ ಹುಟ್ಟಿಕೊಂಡವು.

ಗಡಿಯನ್ನೂ ದಾಟಿತು ನೋಡಿ. ಮಾರ್ಸೆಲ್ ಸ್ಟೆಲ್‌ಮನ್ ಎಂಬ ಬೆಲ್ಜಿಯಂ ಮೂಲದವರು ಇದನ್ನು ಬ್ರಿಟನ್ನಿನ ಟೀವಿಯವರಿಗೆ ಮುಟ್ಟಿಸಿದರು. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾದಾಗ ಅದರಲ್ಲಿ ಬಂದ ಮೊತ್ತಮೊದಲ ಕಾರ್ಯಕ್ರಮವೇ ಇದರ ಇಂಗ್ಲಿಷ್ ರೂಪ ‘ಕೌಂಟ್‌ಡೌನ್’. ತಾಯಿ ಹೋದರೂ ಮಗಳು ಇನ್ನೂ ನಡೆಯುತ್ತಿದ್ದಾಳೆ.

ತಾಯಿ ಹೋದದ್ದು ಹೇಗೆ? 2006ರಲ್ಲಿ ಫ್ರಾನ್ಸ್ 2ರಿಂದ ಫ್ರಾನ್ಸ್ 3ಕ್ಕೆ ದಾಟಿಸಿದರು. 2022ರಲ್ಲಿ ದಿನನಿತ್ಯದ ಪ್ರಸಾರ ನಿಲ್ಲಿಸಿ ವಾರಾಂತ್ಯಕ್ಕೆ ತಳ್ಳಿದರು. ಅದೇ ವರ್ಷ ರೆನಾರ್ ಮತ್ತು ಬೂಲ್ಯಾಂ-ಪ್ರಾ ಇಬ್ಬರೂ ಹೊರಬಿದ್ದರು. ಒಬ್ಬರದು 47 ವರ್ಷದ ಕೆಲಸ, ಇನ್ನೊಬ್ಬರದು 36. ಇಷ್ಟು ವರ್ಷ ತಮ್ಮನ್ನು ಅಲ್ಪಾವಧಿಯ ಕರಾರಿನ ಮೇಲೆಯೇ ದುಡಿಸಿಕೊಂಡರು ಎಂಬುದು ಅವರ ದೂರು. ವಿಷಯ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿತು. ವರ್ಷ ವರ್ಷ ಜೂನ್ ತಿಂಗಳಲ್ಲಿ ಮರುನೇಮಕದ ಕಾಗದಕ್ಕೆ ಕಾಯುವ ಮೇಷ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ಕಾರ್ಯಕ್ರಮವೇ ಮುಗಿಯಿತು. ನೋಡುವವರು ಕಡಿಮೆಯಾದರು ಎಂಬುದು ಕೊಟ್ಟ ಕಾರಣ. ಹಳೆಯ ನಿರೂಪಕ ಲಾಫೋಂ ತೀರಿಕೊಂಡದ್ದೂ ಅದೇ ವರ್ಷದ ಆಗಸ್ಟಿನಲ್ಲಿ.

ವಿಚಿತ್ರ ಏನೆಂದರೆ, ಅದೇ ಹೊತ್ತಿಗೆ ಇನ್ನೊಂದು ವಾಹಿನಿ ಟಿಎಫ್1ರಲ್ಲಿ, 2010ರಿಂದ ನಡೆಯುತ್ತಿರುವ ಮಧ್ಯಾಹ್ನದ ಕ್ವಿಜ್ ಒಂದರಲ್ಲಿ ಎಮಿಲಿಯಾಂ ಎಂಬ ಇತಿಹಾಸದ ವಿದ್ಯಾರ್ಥಿ ದಿನದಿನವೂ ಗೆಲ್ಲುತ್ತಿದ್ದ. 2023ರ ಸೆಪ್ಟೆಂಬರಿನಿಂದ 2025ರ ಜುಲೈವರೆಗೆ 647 ಗೆಲುವು, 25 ಲಕ್ಷ ಯೂರೋಗೂ ಮೀರಿದ ಹಣ ಮತ್ತು ಬಹುಮಾನ. ಹುಡುಗನ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೆ ಅವನನ್ನು ನಾವು ನೋಡಬಹುದು, ಬೆರಗಾಗಬಹುದು, ಅಷ್ಟೇ. ರೆನಾರ್ ಜೊತೆ ನಾವೂ ಆಡಬಹುದಿತ್ತು.

ಅಂದ ಹಾಗೆ, ಕನ್ನಡದಲ್ಲಿ ಅಕ್ಷರದ ಆಟ ಸಾಧ್ಯವೇ? ಬಿಲ್ಲೆಯ ಮೇಲೆ ಏನು ಬರೆಯುವುದು ಎಂಬುದೇ ತೊಡಕು. ‘ಸ್ತ್ರೀ’ ಎಂಬುದು ಪದಬಂಧದಲ್ಲಿ ಒಂದೇ ಮನೆ. ಬಿಡಿಸಿದರೆ ಸ್, ತ್, ರ್, ಈ ಎಂದು ನಾಲ್ಕು. ಗುಣಿತ, ಒತ್ತು ಎಲ್ಲಕ್ಕೂ ಬಿಲ್ಲೆ ಮಾಡಹೊರಟರೆ ಚೀಲ ಸಾಲದು. ಹಾಗಾಗಿ ವ್ಯಾಕರಣ ಪಾಠದಲ್ಲಿ ಮಾಡಿಸುವಂತೆ ವರ್ಣಗಳಾಗಿಯೇ ಬಿಡಿಸಬೇಕು. ಆಗ ‘ಕಮಲ’ಕ್ಕೆ ಆರು ಬಿಲ್ಲೆ, ಅದರಲ್ಲಿ ಮೂರು ‘ಅ’. ನಮ್ಮ ಪದಗಳಿಗೆ ಸ್ವರ ಬಹಳ ಬೇಕು, ಆದ್ದರಿಂದ ಒಂಬತ್ತರ ಬದಲು ಹನ್ನೆರಡು ಬಿಲ್ಲೆಯಾದರೂ ಕೊಡಬೇಕಾದೀತು. ಲೆಕ್ಕದ ಆಟಕ್ಕೆ ಈ ತೊಂದರೆ ಇಲ್ಲ. ರಟ್ಟಿನ ತುಂಡುಗಳಲ್ಲಿ ಏಳನೆಯ ತರಗತಿಯವರಿಗೆ ಆಡಿಸಿದ್ದೇನೆ, ಗಂಟೆ ಬಾರಿಸಿದರೂ ಏಳುವುದಿಲ್ಲ.

ನಿಮಗೂ ಒಂದು ಕೊಡುತ್ತೇನೆ. 75, 50, 9, 7, 4, 2. ಬೇಕಾದದ್ದು 683. ಗಡಿಯಾರ ನೋಡಿಕೊಳ್ಳಿ, ನಲವತ್ತೈದು ಸೆಕೆಂಡು.