ಸಗಣಿ ನೆಲದ ಸೊಂಟನೋವು

ಮಂಡಗದ್ದೆ ಹೊರಗಿನವರಿಗೆ ತುಂಗೆಯ ನಡುವಿನ ಪಕ್ಷಿಧಾಮ. ಸುತ್ತಲಿನ ಅಡಿಕೆ ಸೀಮೆಯಲ್ಲಿ ಮಾತ್ರ ಮಳೆ ಹಿಂದಾದೊಡನೆ ಅಂಗಳದ್ದೇ ಚಿಂತೆ: ಕೆತ್ತಿ, ತಟ್ಟಿ, ಸಗಣಿ ಸಾರಿಸಿದ ಮೇಲೇ ಕೊಯ್ಲು.

ಸಾಧನ ಅಡಿಕೆ ಹಾಳೆಯ ಒಂದು ತುಂಡು. ಸಗಣಿ ನೀರಿಗೆ ಹಳೇ ಬ್ಯಾಟರಿ ಸೆಲ್ಲಿನ ಕರಿ ಪುಡಿ ಬೆರೆಸಿದರೆ ನೆಲಕ್ಕೆ ಕಪ್ಪು ಮೆರುಗು. ಹೆಂಗಸರು ಬಗ್ಗಿ, ಅರ್ಧಚಂದ್ರದ ಗೆರೆ ಎಳೆಯುತ್ತ ಹಿಂದೆ ಸರಿಯಬೇಕು. ಕಾಸಿನ ಖರ್ಚಿಲ್ಲ ಎಂದವರು ಬಗ್ಗಿದವರಲ್ಲ.

ಆಮೇಲೆ ಕಾವಿ, ಸಿಮೆಂಟು, ಟೈಲ್ಸ್ ಬಂದವು, ಬಗ್ಗುವುದು ತಪ್ಪಲಿಲ್ಲ. ಸ್ಪೇನಿನ ಎಂಜಿನಿಯರ್ ಮಾನ್ಯುಯೆಲ್ ಹಲೋನ್ 1956ರಲ್ಲಿ ಹಿಂಡುವ ಬಕೆಟ್ಟು, ಉದ್ದ ಹಿಡಿಯ ಮಾಪು ತಂದದ್ದು ಇದೇ ನೋವಿಗೆ. ಈಗ ದೊಡ್ಡ ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ನಿಂತೇ ನೂಕುವ ಯಂತ್ರ: ಮುಂದೆ ಬ್ರಷ್ ಉಜ್ಜುತ್ತದೆ, ಹಿಂದೆ ರಬ್ಬರ್ ಪಟ್ಟಿ ಬಳಿದ ಕೊಳೆನೀರನ್ನು ಟ್ಯಾಂಕು ಹೀರುತ್ತದೆ. ಕೂಲಿ ಉಳಿಯುವುದು ದಿಟ. ಹಿಡಿಯ ಎತ್ತರ ಹೊಂದದಿದ್ದರೆ ಮತ್ತದೇ ಸೊಂಟನೋವು.