ಬಾವುಟಗುಡ್ಡೆಯ 13 ದಿನ: ಮಂಗಳೂರು ಟ್ರಿಪ್‌ನಲ್ಲಿ ನಾವು ನಿದ್ದೆ ಮಾಡ್ಕೊಂಡು ದಾಟೋ ಕಥೆ

ಯಲಚೇನಹಳ್ಳಿಯಲ್ಲಿ ಮೆಟ್ರೋ ಹತ್ತಿ ಇಯರ್‌ಫೋನ್ ಹಾಕ್ಕೊಂಡಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ನಾನು ಮಾತಾಡ್ತಿರೋದು ಎಂದಿನಂತೆ ಕುಮಾರಸ್ವಾಮಿ ಲೇಔಟ್‌ನ ನನ್ನ ರೂಮಿಂದ. ಹಿಂದೆ ಪ್ರೆಶರ್ ಕುಕ್ಕರ್ ಕೂಗಿದರೆ ಕ್ಷಮಿಸಿ.

ಹೋದ ತಿಂಗಳು ನಾವು ನಾಲ್ಕು ಜನ ಮಂಗಳೂರಿಗೆ ಹೋಗಿದ್ವಿ. ಪ್ಲಾನ್ ಸಿಂಪಲ್: ಒಂದಿಷ್ಟು ನೋಡೋದು, ಬೇಕಾದಷ್ಟು ತಿನ್ನೋದು, ಬರುವಾಗ ಗೋಡಂಬಿ, ಹಲಸಿನ ಹಪ್ಪಳ ತರೋದು. ಇತಿಹಾಸ ಅನ್ನೋದು ಲಿಸ್ಟಲ್ಲೇ ಇರಲಿಲ್ಲ. ನನ್ನ ರೂಮ್‌ಮೇಟ್ ಸುಳ್ಯದವನು. ಬೆಳಗಿನ ಜಾವ ಬಸ್ಸು ಪಾಣೆಮಂಗಳೂರಲ್ಲಿ ನೇತ್ರಾವತಿ ದಾಟುವಾಗ ಅವನೊಬ್ಬನೇ ಎದ್ದಿದ್ದ. ಊರು ಹತ್ತಿರ ಬಂದಾಗ, ನಂತೂರಿಗಿಂತ ಸ್ವಲ್ಪ ಮೊದಲು, ನನ್ನ ಕಂಬಳಿ ಎಳೆದು ಹೇಳಿದ: "ಏಳು ಮಾರಾಯ, ಇದು ಬಿಕರ್ನಕಟ್ಟೆ. ನಮ್ಮ ಕಡೆಯವರನ್ನು ಗಲ್ಲಿಗೆ ಹಾಕಿದ ಜಾಗ."

ಕಿಟಕಿಯಲ್ಲಿ ನೋಡಿದೆ. ಒಂದು ಬೇಕರಿ, ಎರಡು ಆಟೋ, ಒಂದು ಬೀದಿ ದೀಪ. ಅಷ್ಟೇ. ಆದರೆ ಆಮೇಲೆ ನಿದ್ದೆ ಬರಲಿಲ್ಲ.

ಮಂಗಳೂರಿಗೆ ಹೋಗದೇ ಇರೋರಿಗೆ ಒಂದು ಮಾತು. ಇದು ಸಮುದ್ರದ ಊರು ಅಂತ ನಾವು ಸಮತಟ್ಟಾಗಿ ಕಲ್ಪಿಸಿಕೊಂಡಿರ್ತೀವಿ. ಅಲ್ಲ. ಇದು ಗುಡ್ಡಗಳ ಊರು. ಕದ್ರಿ ಗುಡ್ಡ, ಬಲ್ಮಠ, ಬಾವುಟಗುಡ್ಡೆ. ಕೆಂಪು ಮುರಕಲ್ಲಿನ ದಿಬ್ಬಗಳು, ನಡುವೆ ಇಳಿಜಾರು ರಸ್ತೆಗಳು, ಕೆಳಗೆ ನದಿ, ಆಚೆ ಕಡಲು. ನಮ್ಮಲ್ಲೂ ಶಾವಿಗೆ ಮಲ್ಲೇಶ್ವರ ಬೆಟ್ಟದ ಏರು ಇದೆ, ದಯಾನಂದ ಸಾಗರ್ ಕಾಲೇಜಿಗೆ ನಡೆದು ಹೋದೋರಿಗೆ ಗೊತ್ತು. ಆದರೆ ಆ ಸೆಖೆಯಲ್ಲಿ ಗುಡ್ಡ ಹತ್ತೋದು ಬೇರೆಯೇ ಕಥೆ. ಎರಡನೇ ದಿನಕ್ಕೆ ನನಗೆ ಊರಿನ ಲೆಕ್ಕ ಅರ್ಥ ಆಯ್ತು: ನೋಡೋದು ಹೆಚ್ಚಿನದು ಗುಡ್ಡದ ಮೇಲೆ, ತಿನ್ನೋದು ಕೊಳ್ಳೋದು ಹೆಚ್ಚಿನದು ಕೆಳಗೆ.

ಬಾವುಟಗುಡ್ಡೆಗೆ ಎಲ್ಲರೂ ಹೋಗ್ತಾರೆ. ಅಲ್ಲಿನ ಟ್ಯಾಗೋರ್ ಪಾರ್ಕಿಂದ ದೂರದಲ್ಲಿ ಕಡಲು ಕಾಣುತ್ತೆ. ಅದೇ ಗುಡ್ಡದಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯ ಅಂತೋನಿಯೋ ಮೊಸ್ಕೇನಿ ಅನ್ನೋ ಜೆಸ್ಯೂಟ್ ಬ್ರದರ್ 1900ರ ಆಸುಪಾಸಲ್ಲಿ ಅದರ ಗೋಡೆ, ಛಾವಣಿ ತುಂಬ ಚಿತ್ರ ಬರೆದ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡ್ತೀರ, ಖಂಡಿತ ಹೋಗಿ. ಅಲ್ಲಿಂದ ಹೊರಗೆ ಬಂದು ನಿಂತಾಗ ರೂಮ್‌ಮೇಟ್ ಕೇಳಿದ: "ಇದಕ್ಕೆ ಬಾವುಟಗುಡ್ಡೆ ಅಂತ ಯಾಕೆ ಹೆಸರು, ಗೊತ್ತುಂಟಾ?"

ಈಗ 1834ಕ್ಕೆ ಹೋಗೋಣ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತನ್ನದು ಮಾಡಿಕೊಳ್ತು. ಅಲ್ಲಿಯವರೆಗೆ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳೂ ಕೊಡಗಿನ ರಾಜರ ಕೈಯಲ್ಲಿದ್ದವು. ಕಂಪನಿ ಅವನ್ನು ಕತ್ತರಿಸಿ ಮಂಗಳೂರಿನ ಜಿಲ್ಲೆಗೆ ಸೇರಿಸಿತು. ಮ್ಯಾಪಲ್ಲಿ ಒಂದು ಗೆರೆ. ಆದರೆ ರೈತನಿಗೆ ಏನಾಯ್ತು ನೋಡಿ. ರಾಜರ ಕಾಲದಲ್ಲಿ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡಬಹುದಿತ್ತು. ಕಂಪನಿ ದುಡ್ಡೇ ಬೇಕು ಅಂತು. ಕಾಡಿನ ನಡುವಿನ ಊರಲ್ಲಿ ದುಡ್ಡು ಎಲ್ಲಿಂದ ಬರಬೇಕು? ಕೊಯ್ಲಾದ ಕೂಡಲೇ ಭತ್ತ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಬೀಳುತ್ತೆ, ಉಳಿದದ್ದಕ್ಕೆ ಸಾಲ ಮಾಡಬೇಕು. ಭತ್ತ ಅಷ್ಟೇ, ಗದ್ದೆ ಅಷ್ಟೇ, ಮನೆಯಲ್ಲಿ ಮಾತ್ರ ಏನೂ ಉಳಿಯಲ್ಲ.

ಮೂರು ವರ್ಷ ತಡೆದರು. 1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆಯಿಂದ ಜನ ಹೊರಟರು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು. ಜೊತೆಗೆ ಕಲ್ಯಾಣಸ್ವಾಮಿ. ಹಾಲೇರಿ ರಾಜವಂಶದ ಕುಡಿ ಅಂತ ಜನ ನಂಬಿದ್ದ ಈತನ ನಿಜವಾದ ಹೆಸರು ಪುಟ್ಟ ಬಸಪ್ಪ. ರಾಜ ಬಂದ ಅಂದ್ರೆ ಜನ ಸೇರ್ತಾರೆ ಅನ್ನೋ ಲೆಕ್ಕಾಚಾರ, ಮತ್ತೆ ಜನ ಸೇರಿದರು ಕೂಡ. ಬೆಳ್ಳಾರೆಯ ಖಜಾನೆ ಹೋಯ್ತು, ಪುತ್ತೂರು ಹೋಯ್ತು, ಪಾಣೆಮಂಗಳೂರು, ಬಂಟ್ವಾಳ. ನಂದಾವರದ ಲಕ್ಷ್ಮಪ್ಪ ಬಂಗರಸ ಸೇರಿಕೊಂಡ. ಅಂದ್ರೆ ಕೊನೆಯ ಭಾಗದಲ್ಲಿ ನಮ್ಮ ಸ್ಲೀಪರ್ ಬಸ್ಸು ಬಂದ ದಾರಿಯೇ. ಏಪ್ರಿಲ್ 5ಕ್ಕೆ ಮಂಗಳೂರು. ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೊರಟರು. ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿದು ಇವರ ಬಾವುಟ ಹಾರಿತು. 13 ದಿನ. ಗುಡ್ಡಕ್ಕೆ ಆ ಹೆಸರು ಬಂದದ್ದು ಅದರಿಂದಲೇ ಅಂತ ಊರಿನವರು ಹೇಳ್ತಾರೆ.

1857ರ ದಂಗೆಗೆ ಇನ್ನೂ 20 ವರ್ಷ ಇತ್ತು, ನೆನಪಿಡಿ.

ಆಮೇಲೆ ಕಣ್ಣೂರು, ತಲಶ್ಶೇರಿಯಿಂದ ಸೈನ್ಯ ಬಂತು. ಕಲ್ಯಾಣಸ್ವಾಮಿ, ಬಂಗರಸ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಮಡಿಕೇರಿಯ ಕೋಟೆ ಎದುರು.

ನನಗೆ ಕಾಡಿದ್ದು ಸೋಲಲ್ಲ, ಅದರ ಹೆಸರು. ಈ ಘಟನೆಗೆ ಆ ಕಡೆ 'ಕಲ್ಯಾಣಪ್ಪನ ಕಾಟಕಾಯಿ' ಅಂತಾರೆ. ಕಾಟಕಾಯಿ ಅಂದ್ರೆ ಲೂಟಿ, ದರೋಡೆ. ರೂಮ್‌ಮೇಟ್ ಹೇಳಿದ: "ಅಜ್ಜ ಕೂಡ ಹಾಗೇ ಹೇಳ್ತಿದ್ದರು. ನಾನು ಕಾಲೇಜಿಗೆ ಬರುವವರೆಗೂ ಅದು ಯಾರೋ ಕಳ್ಳರ ಕಥೆ ಅಂತಲೇ ತಿಳ್ಕೊಂಡಿದ್ದೆ." ತಮ್ಮದೇ ಊರಿನವರು ಕಂದಾಯದ ಅನ್ಯಾಯಕ್ಕೆ ಎದ್ದು ನಿಂತದ್ದನ್ನು ತಾವೇ ದರೋಡೆ ಅಂತ ಕರೆಯೋ ಹಾಗಾಯ್ತಲ್ಲ, ಅದು ಹೇಗೆ?

ಉತ್ತರದ ಒಂದು ತುಂಡು ಪಕ್ಕದ ಬಲ್ಮಠದಲ್ಲಿದೆ. ಕೊಡಗು ಕಂಪನಿ ಪಾಲಾದ ಅದೇ 1834ರಲ್ಲಿ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಲ್ಲಿ ಇಳಿದರು. ಅವರಲ್ಲಿ ಆಮೇಲೆ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ಶುರು ಮಾಡಿದ. ಕಲ್ಲಚ್ಚಿನಲ್ಲಿ ಅಚ್ಚಾದ, ಕನ್ನಡದ ಮೊದಲ ಪತ್ರಿಕೆ. ಪತ್ರಿಕಾ ದಿನ ಅಂತ ನಾವು ಆಚರಿಸೋದು ಅದನ್ನೇ. ಈಗ ತಾರೀಖು ಜೋಡಿಸಿ ನೋಡಿ. ದಂಗೆ 1837, ಪತ್ರಿಕೆ 1843. ಆ 13 ದಿನದ ಬಗ್ಗೆ ಅಂದೇ ಕನ್ನಡದಲ್ಲಿ ಸುದ್ದಿ ಬರೆಯೋಕೆ ಒಂದು ಹಾಳೆಯೂ ಇರಲಿಲ್ಲ. ಬರೆದಿಟ್ಟದ್ದು ಹೆಚ್ಚಾಗಿ ಗೆದ್ದವರ ಕಚೇರಿ. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರ್‌ನಲ್ಲಿ. 185 ವರ್ಷ ಆದ ಮೇಲೆ. ನಾವು ಹೋದಾಗ ಅದರ ಮುಂದೆ ಸೆಲ್ಫಿಗೆ ಕ್ಯೂ ಇತ್ತು. ಇರಲಿ ಬಿಡಿ, ಒಳ್ಳೇದೇ.

ಹೊಟ್ಟೆ ಹಸಿದಿತ್ತು. ಗುಡ್ಡ ಇಳಿದು ಹಂಪನಕಟ್ಟೆಗೆ ಬಂದ್ವಿ. ಗೋಳಿಬಜೆ (ನಾವು ಬೆಂಗಳೂರಲ್ಲಿ ಮಂಗಳೂರು ಬಜ್ಜಿ ಅಂತೀವಲ್ಲ, ಅದೇ), ಬನ್ಸ್, ಮಧ್ಯಾಹ್ನಕ್ಕೆ ಕೋರಿ ರೊಟ್ಟಿ. ಬನ್ಸ್ ಅಂದ್ರೆ ಬೇಕರಿ ಬನ್ ಅಲ್ಲ, ಬಾಳೆಹಣ್ಣು ಕಿವುಚಿ ಮೈದಾ ಕಲಸಿ, ಹುಳಿ ಬರಿಸಿ ಕರಿಯೋದು. ಆಮೇಲೆ ಗಡ್‌ಬಡ್. ಅದನ್ನು ಮೊದಲು ಮಾಡಿದ್ದು ಮಂಗಳೂರೋ ಉಡುಪಿಯೋ ಅಂತ ಜಗಳ ಹಚ್ಚೋಕೆ ನಾನು ತಯಾರಿಲ್ಲ.

ಇನ್ನೂ ಕೆಳಗೆ ಬಂದರು ಇದೆ, ಹಳೇ ವ್ಯಾಪಾರದ ಬೀದಿಗಳು. ಇಲ್ಲಿ ನಮಗಿಂತ ಮೊದಲು ಶಾಪಿಂಗ್ ಮಾಡಿದವರ ಒಂದು ಲಿಸ್ಟ್ ನಿಜವಾಗಲೂ ಉಳಿದಿದೆ. ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ, ಊರು ಟ್ಯುನೀಷಿಯಾ, 1132ರ ಹೊತ್ತಿಗೆ ಮಂಗಳೂರಲ್ಲಿದ್ದ. ಹತ್ತಾರು ವರ್ಷ ಇಲ್ಲೇ ಇದ್ದು, ಆಶು ಅನ್ನೋ ಇಲ್ಲಿನ ಹೆಂಗಸಿನ ಜೊತೆ ಸಂಸಾರ ಮಾಡಿದ, ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆ ಇಟ್ಟ. ಅವನ ಕಾಗದಗಳು ಕೈರೋದ ಒಂದು ಹಳೇ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕವು. ಇಲ್ಲಿಂದ ಏಡನ್‌ಗೆ ಹೋದದ್ದು ಮೆಣಸು, ಅಡಿಕೆ, ಕಬ್ಬಿಣ. ಅಲ್ಲಿಂದ ಬಂದದ್ದು ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಆಳು ಬೊಮ್ಮ ಏಡನ್‌ಗೆ ಹೋಗಿ ಕುಡಿದು ಗಲಾಟೆ ಮಾಡಿದ್ದೂ ಒಂದು ಪತ್ರದಲ್ಲಿದೆ! ಅಮಿತಾವ್ ಘೋಷ್ ಈ ಬೊಮ್ಮನ ಬೆನ್ನು ಹತ್ತಿ ಒಂದು ಪುಸ್ತಕವನ್ನೇ ಬರೆದರು. ತಮಾಷೆ ಅಂದ್ರೆ ನಾವು ಕೊಂಡ ಗೋಡಂಬಿಯನ್ನು ಬೆನ್ ಯಿಜು ನೋಡಿರೋಕೇ ಸಾಧ್ಯವಿಲ್ಲ. ಗೋಡಂಬಿಯೂ ಒಣಮೆಣಸಿನಕಾಯಿಯೂ ಪೋರ್ಚುಗೀಸರ ಜೊತೆ ಬಂದವು, 1500ರ ಆಮೇಲೆ. ಅವನು ಕೋಳಿ ಸಾರು ಉಂಡಿದ್ದರೆ ಖಾರಕ್ಕೆ ಕಾಳುಮೆಣಸೇ ಗತಿ.

ಯೋಚನೆ ಮಾಡಿ. ಏಡನ್‌ನಲ್ಲಿ ಕುಡಿದು ಗಲಾಟೆ ಮಾಡಿದ ಬೊಮ್ಮನ ಸುದ್ದಿ ಸುಮಾರು 900 ವರ್ಷ ಉಳಿಯಿತು, ಯಾಕಂದ್ರೆ ಯಾರೋ ಕಾಗದ ಬರೆದರು, ಯಾರೋ ಅದನ್ನು ಎಸೆಯಲಿಲ್ಲ. ಬೊಮ್ಮನಿಗಿಂತ 700 ವರ್ಷ ಈಚಿನ ಸುಳ್ಯದ ರೈತರು ತಮ್ಮ ಕೈಯಾರೆ ಬರೆದ ಅಂಥ ಒಂದು ಕಾಗದ ನಾನಂತೂ ನೋಡಿಲ್ಲ.

ವಾಪಸ್ ಬರುವಾಗಲೂ ರಾತ್ರಿ ಬಸ್ಸೇ. ರೂಮ್‌ಮೇಟ್ ನಮ್ಮ ಜೊತೆ ಬರಲಿಲ್ಲ, ಸುಳ್ಯದ ಬಸ್ಸು ಹತ್ತಿದ. ಅಜ್ಜನಿಗೆ 88 ವರ್ಷ. ಕಾಟಕಾಯಿ ಬಗ್ಗೆ ಅವರು ಹೇಳಿದ್ದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದ್ದಾನೆ, ಒಂದೂವರೆ ಗಂಟೆ. ಅರ್ಧ ಅರೆಭಾಷೆ, ಅರ್ಧ ಕನ್ನಡ, ನಡುವೆ ಕೋಳಿ ಕೂಗು. ಅದನ್ನು ಈಗ ಇಬ್ಬರೂ ಕೂತು ಬರೆದಿಳಿಸ್ತಾ ಇದ್ದೀವಿ. ಅಜ್ಜ ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅವರ ದನಿಯಲ್ಲೇ ಕೇಳಿಸ್ತೀನಿ.